ಹಳ್ಳದ ಮರಳಿನಿಂದ ಲ್ಯಾಬ್ ವರದಿಯವರೆಗೆ: ಚಿತ್ರದುರ್ಗ ಸೀಮೆಯಲ್ಲಿ ಒಂದು ಭೂರಾಸಾಯನಿಕ ಸಮೀಕ್ಷೆ

ಚಿತ್ರದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ನಡುವಿನ ಒಂದು ಪ್ರದೇಶದಲ್ಲಿ ಚಿನ್ನ ಹಾಗೂ ತಾಮ್ರದ ಸುಳಿವು ಹುಡುಕಲು ನಡೆಸಿದ ಭೂರಾಸಾಯನಿಕ ಸಮೀಕ್ಷೆಯ ವರದಿಯನ್ನು ನಮ್ಮ ತಂಡ ಕಳೆದ ತಿಂಗಳು ಒಪ್ಪಿಸಿತು. ಗುತ್ತಿಗೆ ಆಧಾರದ ಕ್ಷೇತ್ರ ಭೂವಿಜ್ಞಾನಿಯಾಗಿ ನಾನು ಮೊದಲ ನಕ್ಷೆ ಬಿಡಿಸಿದಂದಿನಿಂದ ಕೊನೆಯ ಕೋಷ್ಟಕ ಸಿದ್ಧವಾಗುವವರೆಗೂ ಈ ಕೆಲಸದಲ್ಲಿದ್ದೆ. ಎಂ.ಎಸ್ಸಿ.ಯಲ್ಲಿ ಈ ವಿಷಯಕ್ಕೆಂದೇ ಒಂದು ಪತ್ರಿಕೆ ಇತ್ತು. ಆದರೆ ಅನುಮತಿಗಾಗಿ ಎಷ್ಟು ಕಾಯಬೇಕಾಗುತ್ತದೆ, ಹೊಲದ ಬದುವಿನಲ್ಲಿ ನಿಂತು ಕೇಳುವ ರೈತನಿಗೆ ಏನು ಹೇಳಬೇಕು, ಲ್ಯಾಬಿನಿಂದ ಬಂದ ಅಂಕಿಯ ಮೇಲೆ ಅನುಮಾನ ಬಂದರೆ ಯಾವ ಆಧಾರ ಹಿಡಿದು ಪ್ರಶ್ನಿಸಬೇಕು ಎಂಬುದು ಆ ಪತ್ರಿಕೆಯಲ್ಲಿ ಇರಲಿಲ್ಲ. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗದ ಕಡೆಯ ಭೂವಿಜ್ಞಾನ ಪದವೀಧರರು ಇಂಥ ಯೋಜನೆಗಳಿಗೆ ಸೇರುತ್ತಿರುವುದರಿಂದ, ಅವರ ಅನುಕೂಲಕ್ಕಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಈ ಕೆಲಸದ ತಳಹದಿ ಸರಳವಾದದ್ದು. ನೆಲದಡಿಯ ಅದಿರು ದೀರ್ಘಕಾಲ ಗಾಳಿ ಮಳೆಗೆ ಶಿಥಿಲವಾಗುತ್ತ ಹೋದಂತೆ ಅದರೊಳಗಿನ ಧಾತುಗಳು ಸುತ್ತಲಿನ ಮಣ್ಣಿಗೂ ಹಳ್ಳದ ಮೆಕ್ಕಲಿಗೂ ಸೇರುತ್ತವೆ. ಆ ಮಣ್ಣನ್ನು ಕ್ರಮಬದ್ಧವಾಗಿ ಸಂಗ್ರಹಿಸಿ ಪರೀಕ್ಷಿಸಿದರೆ, ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚಿರುವ ತಾಣಗಳು ನಕ್ಷೆಯ ಮೇಲೆ ಎದ್ದು ಕಾಣುತ್ತವೆ. ಚಿನ್ನವನ್ನು ನೇರವಾಗಿ ಹುಡುಕುವುದು ಕಷ್ಟ, ಏಕೆಂದರೆ ಸಾಮಾನ್ಯ ಮಣ್ಣಿನಲ್ಲಿ ಅದು ಶತಕೋಟಿ ಭಾಗಕ್ಕೆ ಕೆಲವೇ ಭಾಗ, ಅಂದರೆ ಕೆಲವೇ ಪಿಪಿಬಿ ಇರುತ್ತದೆ. ಆದುದರಿಂದ ಅದರ ಜೊತೆಗೆ ಬರುವ ಆರ್ಸೆನಿಕ್, ಆಂಟಿಮನಿಯಂಥ ಧಾತುಗಳನ್ನು ಜಾಡು ತೋರಿಸುವ ಧಾತುಗಳಾಗಿ ಬಳಸುತ್ತಾರೆ. ಇದು ಹೊಸ ಯೋಚನೆಯೂ ಅಲ್ಲ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಾಲಗಾರರು ಮಾಡುತ್ತಿದ್ದದ್ದೂ ಹಳ್ಳದ ಮೆಕ್ಕಲಿನ ಪರೀಕ್ಷೆಯೇ.

ಮೊದಲು ಕಾನೂನಿನ ಮಾತು. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಖನಿಜ ಶೋಧನೆ ಯಾರು ಬೇಕಾದರೂ ಚೀಲ ಹಿಡಿದು ಹೊರಟು ಮಾಡುವ ಕೆಲಸವಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ, ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಸರ್ಕಾರ ಅಧಿಸೂಚಿಸಿದ ಸಂಸ್ಥೆಗಳು, ಪರವಾನಗಿ ಪಡೆದವರು, ಇವರಿಗೆ ಮಾತ್ರ ಅದಕ್ಕೆ ಅವಕಾಶ. ಶೋಧನೆಯನ್ನು ಜಿ4ರಿಂದ ಜಿ1ರವರೆಗೆ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ, ನಮ್ಮದು ಜಿ4, ಅಂದರೆ ಪ್ರಾಥಮಿಕ ಅವಲೋಕನದ ಹಂತ. ಕೆಲಸಕ್ಕೆ ಸೇರುವ ದಿನವೇ ಯೋಜನೆಯ ಮಂಜೂರಾತಿ ಪತ್ರದ ಪ್ರತಿಯನ್ನು ಕೇಳಿ ಪಡೆದು ಬ್ಯಾಗಿನಲ್ಲಿಟ್ಟುಕೊಳ್ಳಿ. ಮುಂದೆ ಪ್ರತಿ ಕಚೇರಿಯಲ್ಲೂ, ಪ್ರತಿ ಊರಿನಲ್ಲೂ ಮೊದಲು ಕೇಳುವುದು ಅದನ್ನೇ.

ದೀಪಾವಳಿ ಮುಗಿದ ಮೇಲೆ ಕೆಲಸ ಶುರುವಾಯಿತು. ಮೊದಲ ಕೆಲವು ವಾರಗಳು ಪೂರ್ತಿ ಕಂಪ್ಯೂಟರಿನ ಮುಂದೆಯೇ ಕಳೆದವು, ಮತ್ತು ಆ ವಾರಗಳನ್ನು ಯಾರೂ ಕಡಿಮೆ ಮಾಡಿಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಸರ್ವೇಕ್ಷಣಾಲಯವು 2001ರಿಂದ ದೇಶದಾದ್ಯಂತ ಭೂರಾಸಾಯನಿಕ ನಕ್ಷೀಕರಣ ನಡೆಸುತ್ತಿದೆ. ನಕ್ಷೆಯ ಒಂದು ಕಿಲೋಮೀಟರ್ ಅಳತೆಯ ಪ್ರತಿ ಚೌಕದಿಂದ ಹಳ್ಳದ ಮೆಕ್ಕಲು ತೆಗೆದು, ಅಂಥ ನಾಲ್ಕು ಚೌಕಗಳ ಮೆಕ್ಕಲನ್ನು ಬೆರೆಸಿ, ಎರಡು ಕಿಲೋಮೀಟರ್ ಚೌಕಕ್ಕೆ ಒಂದು ಮಾದರಿಯಂತೆ ಹತ್ತಾರು ಧಾತುಗಳಿಗೆ ಪರೀಕ್ಷಿಸುತ್ತಾರೆ. ಈ ದತ್ತಾಂಶ ಸರ್ವೇಕ್ಷಣಾಲಯದ ಭೂಕೋಶ್ ಪೋರ್ಟಲಿನಲ್ಲಿಯೂ, 2023ರ ಡಿಸೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದಲ್ಲಿಯೂ ಸಿಗುತ್ತದೆ. ಚಿತ್ರದುರ್ಗ ನಗರ ಮತ್ತು ಇಂಗಳದಾಳ್ ಸುತ್ತಿನ ಪ್ರದೇಶ 57ಬಿ/8 ಎಂಬ ಟೋಪೋಶೀಟಿನಲ್ಲಿ, ಅಂದರೆ ಸ್ಥಳಾಕೃತಿ ನಕ್ಷೆಯ ಹಾಳೆಯಲ್ಲಿ ಬರುತ್ತದೆ. ಅದರ ಜೊತೆಗೆ ಅಕ್ಕಪಕ್ಕದ ಹಾಳೆಗಳನ್ನೂ ಜೋಡಿಸಿಕೊಂಡು, ಹಳ್ಳಗಳ ಜಾಲವನ್ನೂ ಶಿಲೆಗಳ ಗಡಿಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದೆವು.

ಈ ಸೀಮೆಯ ಶಿಲೆಗಳ ಪರಿಚಯವಿಲ್ಲದೆ ಇಲ್ಲಿ ಮಣ್ಣು ಮುಟ್ಟುವುದರಲ್ಲಿ ಅರ್ಥವಿಲ್ಲ. ಗದಗಿನಿಂದ ದಕ್ಷಿಣಕ್ಕೆ ಶ್ರೀರಂಗಪಟ್ಟಣದ ಸುತ್ತಿನವರೆಗೆ ಸಾಗುವ, ಚಿತ್ರದುರ್ಗ ಷಿಸ್ಟ್ ಪಟ್ಟಿ ಎಂಬ ರೂಪಾಂತರ ಶಿಲೆಗಳ ಪಟ್ಟಿಯಲ್ಲಿ ಪುರಾತನ ಲಾವಾ ಶಿಲೆಗಳು, ಗ್ರೇವ್ಯಾಕ್ ಎಂಬ ಒರಟು ಮರಳುಶಿಲೆ, ಕಬ್ಬಿಣದ ಪಟ್ಟೆಶಿಲೆ, ಫಿಲೈಟ್ ಎಂಬ ಇಂಗಾಲಯುಕ್ತ ಕಪ್ಪು ಪದರುಶಿಲೆ ಎಲ್ಲವೂ ಅಕ್ಕಪಕ್ಕದಲ್ಲಿವೆ. ಐಮಂಗಲದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆದು ನಿಂತಿದೆ. ಗುಡ್ಡದರಂಗವ್ವನಹಳ್ಳಿಯ ಕಡೆ ಚಿನ್ನದ ನಿಕ್ಷೇಪವಿದೆ, ಇದೇ ಪಟ್ಟಿಯಲ್ಲಿ ಇನ್ನೂ ದಕ್ಷಿಣಕ್ಕೆ ಅಜ್ಜನಹಳ್ಳಿಯಲ್ಲಿ ಚಿನ್ನದ ಗಣಿಯೇ ನಡೆದಿತ್ತು. ಹಳೆಯ ಕಾಲದವರು ತೋಡಿದ ಗುಂಡಿಗಳೂ ಅಲ್ಲಲ್ಲಿ ಸಿಗುತ್ತವೆ. ಶಿಲೆಗಳ ಹರವು ಹೆಚ್ಚುಕಡಿಮೆ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಇರುವುದರಿಂದ, ನಮ್ಮ ಮಣ್ಣಿನ ಮಾದರಿಯ ಸಾಲುಗಳನ್ನು ಅದಕ್ಕೆ ಅಡ್ಡಲಾಗಿ ಎಳೆದೆವು. ಸಾಲು ಹರವಿಗೆ ಸಮಾನಾಂತರವಾಗಿದ್ದರೆ ಅದಿರಿನ ಪಟ್ಟಿಯ ಪಕ್ಕದಲ್ಲೇ ನಡೆದೂ ಅದನ್ನು ತಪ್ಪಿಸಿಕೊಳ್ಳುವ ಸಾಧ್ಯತೆ ಇರುತ್ತದೆ.

ಅನುಮತಿಗಳ ಕಾಯುವಿಕೆ ನಮ್ಮನ್ನು ನಿಜವಾಗಿ ಹಣ್ಣು ಮಾಡಿತು. ಪಟ್ಟಾ ಜಮೀನು, ಗೋಮಾಳ, ಮೀಸಲು ಅರಣ್ಯ, ಮೂರೂ ನಮ್ಮ ಸಮೀಕ್ಷೆಯ ಪ್ರದೇಶದೊಳಗೆ ಬಂದಿದ್ದವು. ಜಿಲ್ಲಾಧಿಕಾರಿಗಳ ಕಚೇರಿಗೆ ಮಾಹಿತಿ ಪತ್ರ, ತಹಶೀಲ್ದಾರರಿಗೆ ಪ್ರತಿ, ಗ್ರಾಮ ಪಂಚಾಯಿತಿಗಳಿಗೆ ಪ್ರತ್ಯೇಕ ಪತ್ರ, ಪೊಲೀಸ್ ಠಾಣೆಗೆ ಕೆಲಸಗಾರರ ಹೆಸರು ಮತ್ತು ವಾಹನದ ಸಂಖ್ಯೆ ಕೊಟ್ಟಾಯಿತು. ಕಂದಾಯದ ಕಡೆಯ ಕೆಲಸ ಬೇಗ ಮುಗಿಯಿತು. ಅರಣ್ಯದ ಕಡತ ಮಾತ್ರ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತ, ಪ್ರತಿ ಸಲ ಹೊಸ ಸ್ಪಷ್ಟೀಕರಣ ಕೇಳುತ್ತ ಶಿವರಾತ್ರಿಯವರೆಗೂ ಎಳೆಯಿತು. ಬಿಸಿಲು ಏರುತ್ತಿದೆ, ಮಳೆ ಬಂದರೆ ಹಳ್ಳಕ್ಕೆ ಇಳಿಯಲಾಗುವುದಿಲ್ಲ ಎಂಬ ಆತಂಕದಲ್ಲಿ ನಾವು ಅರಣ್ಯದ ಹೊರಗಿನ ಸಾಲುಗಳಿಂದಲೇ ಆರಂಭಿಸಿ, ಅರಣ್ಯದೊಳಗಿನವನ್ನು ಕೊನೆಗೆ ಇಟ್ಟುಕೊಂಡೆವು. ಇದೇ ಹಾದಿಯಲ್ಲಿ ಬರುವವರು ಅರಣ್ಯದ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಹಾಕಬೇಕು. ಅರ್ಜಿಯೊಂದಿಗೆ ಪ್ರತಿ ಮಾದರಿ ತಾಣದ ಅಕ್ಷಾಂಶ ರೇಖಾಂಶ, ಗುಂಡಿಯ ಅಳತೆ, ಮರ ಕಡಿಯುವುದಿಲ್ಲ ಮತ್ತು ಯಂತ್ರ ಬಳಸುವುದಿಲ್ಲವೆಂಬ ಲಿಖಿತ ಹೇಳಿಕೆ, ಗುಂಡಿ ಮುಚ್ಚುವ ಭರವಸೆ, ಇಷ್ಟನ್ನೂ ಸೇರಿಸಿದರೆ ಎರಡು ಸುತ್ತಿನ ಪ್ರಶ್ನೆಗಳು ತಪ್ಪುತ್ತವೆ.

ಕಂದಾಯ ಜಮೀನಿನಲ್ಲಿ ನಮಗೆ ಅತ್ಯಂತ ಉಪಯೋಗವಾದದ್ದು ದಿಶಾಂಕ್ ಆ್ಯಪ್. ನಿಂತ ಜಾಗದ ಸರ್ವೆ ನಂಬರ್ ಅದರಲ್ಲಿ ಕೂಡಲೇ ತಿಳಿಯುತ್ತದೆ. ಹಿಂದಿನ ಸಂಜೆಯೇ ಮರುದಿನದ ಸರ್ವೆ ನಂಬರುಗಳನ್ನು ಬರೆದುಕೊಂಡು, ಊರಿನಲ್ಲಿ ಯಾರ ಹೊಲವೆಂದು ವಿಚಾರಿಸಿ, ಮಾಲೀಕರನ್ನು ಕಂಡು ಒಪ್ಪಿಗೆ ಪಡೆಯುವ ಕ್ರಮವನ್ನು ಇಟ್ಟುಕೊಂಡೆವು. ಹಾಗೆ ಮಾಡಿದರೂ ಅನುಮಾನ ತಪ್ಪುವುದಿಲ್ಲ. ಕೋಟೆ ಕೊತ್ತಲಗಳ ಈ ಜಿಲ್ಲೆಯಲ್ಲಿ ನಿಧಿಯಾಸೆಗೆ ಗುಂಡಿ ತೋಡುವವರ ಕಾಟ ಜನರಿಗೆ ಗೊತ್ತಿರುವುದರಿಂದ, ಗುದ್ದಲಿ ಹಿಡಿದ ಅಪರಿಚಿತರನ್ನು ಕಂಡರೆ ಪ್ರಶ್ನಿಸುವುದು ಸಹಜ. "ಏನ್ ಸ್ವಾಮಿ, ನಿಧಿ ತೆಗೆಯಾಕ್ ಬಂದೀರಾ?" ಎಂದು ಒಬ್ಬ ಹಿರಿಯರು ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ನಮ್ಮನ್ನು ತಡೆದು ನಿಲ್ಲಿಸಿದರು. ಪತ್ರ ತೋರಿಸಿ ವಿವರಿಸಿದ ಮೇಲೆ ಅವರ ಎರಡನೆಯ ಪ್ರಶ್ನೆ ಬಂತು: "ಮಣ್ಣಾಗೆ ಏನಾರ ಸಿಕ್ರೆ ನಮ್ ಹೊಲ ಹೋಗ್ತತೇನಪ್ಪ?"

ಈ ಪ್ರಶ್ನೆಗೆ ಹಗುರವಾದ ಉತ್ತರ ಕೊಡಬಾರದು. ಏನೂ ಆಗುವುದಿಲ್ಲ ಎಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಆ ಮನುಷ್ಯನಿಗೆ ಹೊಲವೊಂದೇ ಆಧಾರ. ಇದು ಮೊದಲ ಹಂತದ ಪರೀಕ್ಷೆ, ಇಂಥ ತಾಣಗಳಲ್ಲಿ ಬಹುಪಾಲು ಮುಂದಿನ ಹಂತಕ್ಕೆ ಹೋಗುವುದೇ ಇಲ್ಲ, ಮುಂದೆ ಏನಾದರೂ ನಡೆಯುವುದಾದರೆ ಅದಕ್ಕೆ ಬೇರೆಯೇ ಅನುಮತಿ, ಬೇರೆಯೇ ನೋಟಿಸು ಬೇಕು ಎಂಬುದನ್ನು ನಾನು ಇದ್ದದ್ದು ಇದ್ದಂತೆ ಹೇಳುತ್ತಿದ್ದೆ. ಹಾಗೆ ಹೇಳಿದ ಮೇಲೆ ಒಪ್ಪದವರ ಹೊಲಕ್ಕೆ ನಾವು ಇಳಿಯಲಿಲ್ಲ, ತಾಣವನ್ನು ಪಕ್ಕಕ್ಕೆ ಸರಿಸಿ ಕಾರಣವನ್ನು ಪುಸ್ತಕದಲ್ಲಿ ಬರೆದೆವು. ಮೇಲೆ ಹೇಳಿದ ಹಿರಿಯರು ಒಪ್ಪಿದ್ದಲ್ಲದೆ, ತಮ್ಮ ಊರಿನ ಹಳ್ಳಗಳನ್ನೆಲ್ಲ ಬಲ್ಲ ಒಬ್ಬ ಯುವಕನನ್ನು ನಮ್ಮ ಜೊತೆ ಮಾಡಿ ಕಳುಹಿಸಿದರು. ಕೊನೆಯವರೆಗೂ ಅವನೇ ನಮ್ಮ ದಾರಿ ತೋರುಗ.

ಹಳ್ಳದ ಮೆಕ್ಕಲಿನ ಸಂಗ್ರಹ ಮೊದಲು ನಡೆಯಿತು. ಒಣಗಿದ ಹಳ್ಳದ ಪಾತ್ರದಲ್ಲಿ, ದಡದ ಮಣ್ಣು ಕುಸಿದು ಬೀಳದ ಜಾಗ ನೋಡಿ, ಮೇಲಿನ ಒಣ ಮರಳನ್ನು ಸರಿಸಿ, ಹತ್ತಾರು ಹೆಜ್ಜೆಗಳ ಅಂತರದಲ್ಲಿ ಹಲವು ಕಡೆಯಿಂದ ಸ್ವಲ್ಪ ಸ್ವಲ್ಪ ಮೆಕ್ಕಲು ತೆಗೆದು ಒಂದೇ ಮಾದರಿಯಾಗಿ ಬೆರೆಸುತ್ತಿದ್ದೆವು. ಅದನ್ನು 120 ಮೆಶ್ ಜರಡಿಯಲ್ಲಿ, ಅಂದರೆ 125 ಮೈಕ್ರಾನಿಗಿಂತ ಸಣ್ಣ ಕಣಗಳಷ್ಟೇ ಇಳಿಯುವ ಜರಡಿಯಲ್ಲಿ ಸೋಸಬೇಕು. ನಮ್ಮ ಕಡೆಯ ಹಳ್ಳಗಳಲ್ಲಿ ದಪ್ಪ ಮರಳೇ ಹೆಚ್ಚಿರುವುದರಿಂದ, ಒಂದು ಬಾಂಡ್ಲಿ ತುಂಬಾ ಮರಳು ಜರಡಿ ಹಿಡಿದರೆ ತಳದಲ್ಲಿ ಒಂದು ಬೊಗಸೆಯಷ್ಟು ಬೂದಿಬಣ್ಣದ ನುಣ್ಣನೆಯ ಹುಡಿ ಸಿಗುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲಿ ಗಾಳಿ ಎದ್ದರೆ ಆ ಹುಡಿಯೇ ಹಾರಿಹೋಗುತ್ತದೆ. ಜರಡಿಗೆ ಮುಚ್ಚಳ, ತಳಕ್ಕೆ ತಟ್ಟೆ ಇರುವುದನ್ನೇ ಕೊಳ್ಳಿ. ಹಿತ್ತಾಳೆಯ ಜರಡಿ ತಾಮ್ರ ಮತ್ತು ಸತುವನ್ನು ಮಾದರಿಗೆ ಸೇರಿಸುತ್ತದೆ, ಆದುದರಿಂದ ನೈಲಾನ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಜರಡಿಯೇ ಆಗಬೇಕು. ಮಾದರಿ ಮುಟ್ಟುವವರು ಉಂಗುರ, ಬಳೆ, ಸರ ತೆಗೆದಿಟ್ಟು ಬರಬೇಕು. ಪಿಪಿಬಿ ಮಟ್ಟದ ಪರೀಕ್ಷೆಯಲ್ಲಿ ಉಂಗುರದಿಂದ ಸವೆದು ಬೀಳುವ ಕಣ್ಣಿಗೆ ಕಾಣದ ಚೂರೂ ಸುಳ್ಳು ಚಿನ್ನದ ತಾಣವನ್ನು ಹುಟ್ಟಿಸಬಲ್ಲದು.

ಆದರೆ ನಿಜವಾದ ತೊಡಕು ಹಳ್ಳಗಳಲ್ಲೇ ಇತ್ತು. ನಕ್ಷೆಯಲ್ಲಿ ನೀಲಿ ಗೆರೆಯಾಗಿ ಹರಿಯುವ ಹಳ್ಳ ನೆಲದ ಮೇಲೆ ಹೋಗಿ ನೋಡಿದರೆ ಚೆಕ್‌ಡ್ಯಾಂಗಳ ಸರಣಿಯಾಗಿರುತ್ತದೆ. ಚೆಕ್‌ಡ್ಯಾಂ ಹಿಂದೆ ನುಣ್ಣನೆಯ ಹೂಳೆಲ್ಲ ನಿಂತುಬಿಡುತ್ತದೆ, ಮುಂದೆ ಬರೀ ಕಲ್ಲು ಮರಳು. ಉದ್ಯೋಗ ಖಾತ್ರಿಯಲ್ಲಿ ಹೂಳೆತ್ತಿದ ಹಳ್ಳಗಳಲ್ಲಿ ದಡದ ಮೇಲಿನ ಗುಡ್ಡೆ ಯಾವ ಜಾಗದ್ದೆಂದು ಹೇಳಲಾಗುವುದಿಲ್ಲ. ಹಾಗಾಗಿ ಪ್ರತಿ ತಾಣದಲ್ಲಿ ಮೇಲ್ಗಡೆ ಎಷ್ಟು ದೂರದಲ್ಲಿ ಅಡ್ಡಗಟ್ಟೆ ಇದೆ, ಹೂಳೆತ್ತಿದ ಗುರುತಿದೆಯೇ, ದಡದ ಮೇಲೆ ಯಾವ ಬೆಳೆ ಇದೆ, ಹಳೆಯ ಗಣಿಯ ತ್ಯಾಜ್ಯ ಹರಿದು ಬರುವ ದಾರಿಯೇ ಎಂಬುದನ್ನು ಬರೆಯಲು ಪುಸ್ತಕದಲ್ಲಿ ಪ್ರತ್ಯೇಕ ಅಂಕಣಗಳನ್ನು ಮಾಡಿಕೊಂಡೆವು. ಬೆಳೆಯ ಅಂಕಣ ಏಕೆಂದು ಜೊತೆಗಿದ್ದವರು ಆಗ ಕೇಳಿದ್ದರು. ತಿಂಗಳುಗಳ ನಂತರ ಇಡೀ ವರದಿಯನ್ನು ಉಳಿಸಿದ್ದು ಅದೇ ಅಂಕಣ.

ಮಣ್ಣಿನ ಮಾದರಿಗೆ ಗುಂಡಿ ತೋಡಿ, ಮೇಲಿನ ಬೇರು ಗೊಬ್ಬರದ ಪದರವನ್ನು ಬಿಟ್ಟು, ಸುಮಾರು ಮೊಣಕೈ ಆಳದಲ್ಲಿ ಸಿಗುವ ಕೆಂಪು ಪದರದಿಂದ ಒಂದು ಕಿಲೋದಷ್ಟು ತೆಗೆಯುವುದು ನಮ್ಮ ಕ್ರಮ. ಗುಡ್ಡದ ಇಳಿಜಾರಿನ ಕೆಂಪು ನೆಲದಲ್ಲಿ ಇದು ಸುಲಭ. ಎರೆ ಭೂಮಿಯಲ್ಲಿ ಪದರಗಳೇ ತಿಳಿಯುವುದಿಲ್ಲ, ಬೇಸಿಗೆಯ ಬಿರುಕುಗಳಲ್ಲಿ ಮೇಲಿನ ಮಣ್ಣು ಆಳಕ್ಕೆ ಬಿದ್ದು ಬೆರೆತಿರುತ್ತದೆ. ಕೆಲವು ಕಡೆ ಗುದ್ದಲಿಗೆ ಬಿಳಿಯ ಸುಣ್ಣದ ಗರಸು ತಗುಲುತ್ತಿತ್ತು. ಅದನ್ನು ಬಿಸಾಡಬೇಡಿ. ದಕ್ಷಿಣ ಆಸ್ಟ್ರೇಲಿಯಾದ ಚಾಲೆಂಜರ್ ಚಿನ್ನದ ನಿಕ್ಷೇಪ 1995ರಲ್ಲಿ ಪತ್ತೆಯಾದದ್ದು ಇಂಥ ಸುಣ್ಣದ ಪದರದ ಮಾದರಿಗಳಿಂದಲೇ. ಆದರೆ ಅದನ್ನು ಕೆಂಪು ಮಣ್ಣಿನ ಜೊತೆ ಬೆರೆಸದೆ, ಬೇರೆ ಸಂಕೇತ ಕೊಟ್ಟು, ಬೇರೆಯಾಗಿಯೇ ಹೋಲಿಸಿ ನೋಡಬೇಕು.

ಒಂದು ಹೊಲದಲ್ಲಿ ಮಣ್ಣಿನ ಬಣ್ಣ ಸುತ್ತಲಿನ ಹೊಲಗಳಿಗಿಂತ ಬೇರೆಯಾಗಿ ಕಂಡಿತು. ಕೆಂಪು ನೆಲದ ನಡುವೆ ಬೂದುಗಪ್ಪು ಮಣ್ಣು, ಅದರಲ್ಲಿ ಚಿಪ್ಪಿನ ಚೂರುಗಳು. ಹೊಲದ ಒಡತಿಯನ್ನು ವಿಚಾರಿಸಿದಾಗ, "ಹೋದ ವರ್ಷ ಕೆರೆ ಗೋಡು ಹೊಡೆಸಿದ್ವಿ ಕಣಪ್ಪ, ಟ್ರ್ಯಾಕ್ಟರ್‌ನಾಗೆ" ಎಂದರು. ಅಂದರೆ ಆ ಮಣ್ಣು ಆ ಜಾಗದ್ದಲ್ಲ, ಮೂರು ನಾಲ್ಕು ಹಳ್ಳಗಳು ಕೂಡಿ ತುಂಬಿಸಿದ ಕೆರೆಯದ್ದು. ಅಲ್ಲಿನ ಅಂಕಿ ಏನೇ ಬಂದರೂ ಕೆಳಗಿನ ಬಂಡೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೆರೆ ಗೋಡು ಹರಡುವುದು ನಮ್ಮ ಬಯಲುಸೀಮೆಯಲ್ಲಿ ತಲೆತಲಾಂತರದ ಒಳ್ಳೆಯ ಪದ್ಧತಿ, ಆದುದರಿಂದ ಇಲ್ಲಿ ಮಾದರಿ ತೆಗೆಯುವವರು ಪ್ರತಿ ಹೊಲದಲ್ಲೂ ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು.

ಚೀಲಗಳ ಬಗ್ಗೆ ಎರಡು ಮಾತು. ಬಟ್ಟೆಯ ಚೀಲವೇ ಒಳ್ಳೆಯದು, ತೇವ ಆರುತ್ತದೆ. ಮಾರ್ಕರಿನಿಂದ ಹೊರಗೆ ಸಂಖ್ಯೆ ಬರೆದು, ಅದೇ ಸಂಖ್ಯೆಯ ಚೀಟಿಯನ್ನು ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿಟ್ಟು ಒಳಗೂ ಹಾಕಬೇಕು. ಬಾಡಿಗೆಗೆ ಹಿಡಿದ ಮನೆಯ ತಾರಸಿಯ ಮೇಲೆ ಮಾದರಿಗಳನ್ನು ಒಣಗಿಸಿ, ಮರದ ಕೊಡತಿಯಿಂದ ಹೆಂಟೆ ಒಡೆದು, ರಾಶಿ ಮಾಡಿ ನಾಲ್ಕು ಭಾಗ ಮಾಡುತ್ತ, ಎದುರು ಬದುರಿನ ಎರಡು ಭಾಗಗಳನ್ನು ಉಳಿಸಿಕೊಳ್ಳುತ್ತ ಬೇಕಾದಷ್ಟಕ್ಕೆ ಇಳಿಸುತ್ತಿದ್ದೆವು. ನಾಯಕನಹಟ್ಟಿಯ ತೇರಿನ ವಾರ ಕೆಲಸಗಾರರೆಲ್ಲ ಊರಿಗೆ ಹೋದಾಗ ಮಾದರಿ ತಯಾರಿ ಪೂರ್ತಿ ನಿಂತಿತು. ಜಾತ್ರೆ, ಹಬ್ಬಗಳನ್ನು ವೇಳಾಪಟ್ಟಿಯಲ್ಲಿ ಮೊದಲೇ ಗುರುತಿಸಿಕೊಳ್ಳುವುದು ವಾಸಿ.

ಖರ್ಚಿನ ವಿಷಯದಲ್ಲಿ ಸಂಕೋಚವಿಲ್ಲದೆ ಹೇಳುತ್ತೇನೆ. ದಿನಗೂಲಿ ಒಬ್ಬರಿಗೆ ಐನೂರರಿಂದ ಆರುನೂರು ರೂಪಾಯಿ, ಜೀಪಿನ ತಿಂಗಳ ಬಾಡಿಗೆ ಮತ್ತು ಡೀಸೆಲ್, ಮನೆ ಬಾಡಿಗೆ, ಚೀಲ, ಜರಡಿ, ಲಾರಿ ಪಾರ್ಸೆಲ್, ಇವೆಲ್ಲ ಸೇರಿದರೂ ಪ್ರಯೋಗಾಲಯದ ಖರ್ಚಿನ ಮುಂದೆ ಸಣ್ಣದಾಗಿ ಕಾಣುತ್ತವೆ. ಚಿನ್ನದ ಪರೀಕ್ಷೆಗೆ ಒಂದು ಮಾದರಿಗೆ ಸಾವಿರ ರೂಪಾಯಿಗೆ ಮೇಲೆ, ಹತ್ತಾರು ಧಾತುಗಳ ಪರೀಕ್ಷೆಗೆ ಅದರ ಎರಡರಷ್ಟಕ್ಕೂ ಮಿಕ್ಕಿ ನಮಗೆ ದರ ಬಿತ್ತು, ಅದರ ಮೇಲೆ ತೆರಿಗೆ. ಸಂಸ್ಥೆಯಿಂದ ಬರಬೇಕಾದ ಮುಂಗಡ ತಡವಾದ ತಿಂಗಳು ಕೂಲಿಯವರಿಗೆ ನಾನೇ ಕೈಯಿಂದ ಕೊಟ್ಟೆ, ಅದು ಹಿಂದಿರುಗಿ ಬರಲು ಬಹಳ ಕಾಲ ಹಿಡಿಯಿತು. ಹೊಸದಾಗಿ ಸೇರುವವರು ಕ್ಷೇತ್ರದ ಮುಂಗಡದ ಬಗ್ಗೆ ಒಪ್ಪಂದದಲ್ಲೇ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು.

ಯಾವ ಪರೀಕ್ಷಾ ವಿಧಾನ ಎಂಬುದನ್ನು ಲ್ಯಾಬಿನವರಿಗೆ ಬಿಡಬಾರದು, ನಾವೇ ತೀರ್ಮಾನಿಸಬೇಕು. ನಾಲ್ಕು ಆಮ್ಲಗಳಲ್ಲಿ ಕರಗಿಸುವ ವಿಧಾನ ಬಹುತೇಕ ಖನಿಜಗಳನ್ನು ಕರಗಿಸುತ್ತದೆ, ಆದರೆ ಆರ್ಸೆನಿಕ್ ಆಂಟಿಮನಿಗಳಲ್ಲಿ ಒಂದಂಶ ಆವಿಯಾಗಿ ಹೋಗಬಹುದು. ರಾಜಾಮ್ಲದಲ್ಲಿ, ಅಂದರೆ ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ, ಆ ತೊಂದರೆ ಕಡಿಮೆ, ಆದರೆ ಸಿಲಿಕೇಟ್ ಖನಿಜಗಳು ಪೂರ್ತಿ ಕರಗುವುದಿಲ್ಲ. ನಮಗೆ ಆರ್ಸೆನಿಕ್ ಮುಖ್ಯವಾದ್ದರಿಂದ ಎರಡನೆಯದನ್ನು ಆರಿಸಿಕೊಂಡೆವು. ಚಿನ್ನಕ್ಕೆ ಫೈರ್ ಅಸ್ಸೇ, ಅಂದರೆ ಕುಲುಮೆಯಲ್ಲಿ ಕರಗಿಸಿ ಮಾಡುವ ಪರೀಕ್ಷೆ. ಮಾದರಿಗಳನ್ನು ಒಪ್ಪಿಸಲು ಹೋದ ದಿನ ಅದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ಮೂವತ್ತು ಗ್ರಾಂ ಮಣ್ಣನ್ನು ಸೀಸದ ಆಕ್ಸೈಡ್, ಸೋಡಾ, ಬೋರಾಕ್ಸ್, ಸ್ವಲ್ಪ ಮೈದಾಹಿಟ್ಟಿನ ಜೊತೆ ಮೂಸೆಯಲ್ಲಿ ಬೆರೆಸಿ ಸಾವಿರ ಡಿಗ್ರಿಗೂ ಮಿಕ್ಕಿದ ಕುಲುಮೆಯಲ್ಲಿ ಕರಗಿಸುತ್ತಾರೆ. ಹಿಟ್ಟಿನ ಇಂಗಾಲದಿಂದ ಆಕ್ಸೈಡು ಸೀಸವಾಗಿ, ಚಿನ್ನವನ್ನು ಒಟ್ಟುಮಾಡಿಕೊಂಡು ತಳಕ್ಕೆ ಇಳಿಯುತ್ತದೆ. ಆರಿದ ಮೇಲೆ ಗಾಜಿನಂಥ ಕಿಟ್ಟವನ್ನು ಸುತ್ತಿಗೆಯಿಂದ ಒಡೆದಾಗ ಸೀಸದ ಒಂದು ಉಂಡೆ ಕಳಚಿ ಬರುತ್ತದೆ. ಅದನ್ನು ಸರಂಧ್ರವಾದ ಪುಟ್ಟ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವೆಲ್ಲ ಹೀರಿಹೋಗಿ, ಸಾಸಿವೆಗಿಂತ ಸಣ್ಣದಾದ ಬೆಳ್ಳಿಯ ಮಣಿ ಉಳಿಯುತ್ತದೆ. ಆ ಬೆಳ್ಳಿಯನ್ನು ಮೊದಲೇ ಸೇರಿಸಿರುತ್ತಾರೆ, ಚಿನ್ನ ಅದರೊಳಗಿರುತ್ತದೆ. ಮಣಿಯನ್ನು ಕರಗಿಸಿ ಉಪಕರಣದಲ್ಲಿ ಓದುತ್ತಾರೆ. ಒಂದು ಕಿಲೋ ಮಣ್ಣಿನಲ್ಲಿ ಮೂವತ್ತು ಗ್ರಾಂ ಮಾತ್ರ ಈ ಬೆಂಕಿಗೆ ಹೋಗುವುದರಿಂದ, ಆ ಮೂವತ್ತು ಗ್ರಾಮಿಗೆ ಚಿನ್ನದ ಒಂದು ದಪ್ಪ ಕಣ ಬಿದ್ದರೆ ಅಂಕಿ ಏರುತ್ತದೆ, ಬೀಳದಿದ್ದರೆ ಇಳಿಯುತ್ತದೆ. ಒಂದೇ ಒಂದು ದೊಡ್ಡ ಅಂಕಿಯನ್ನು ನಂಬಿ ಸಂಭ್ರಮಿಸಬಾರದು ಎನ್ನುವುದಕ್ಕೆ ಇದೇ ಕಾರಣ.

ಪ್ರತಿ ಇಪ್ಪತ್ತು ಮಾದರಿಗಳ ಗುಂಪಿನಲ್ಲಿ ಒಂದೇ ತಾಣದ ಮಣ್ಣನ್ನು ಎರಡು ಸಂಖ್ಯೆಗಳಲ್ಲಿ ಕಳುಹಿಸುವ ಒಂದು ಜೋಡಿ ಮಾದರಿ, ಧಾತುವಿಲ್ಲದ ಒಂದು ಬ್ಲ್ಯಾಂಕ್, ಮೌಲ್ಯ ಮೊದಲೇ ಗೊತ್ತಿರುವ ಒಂದು ಪ್ರಮಾಣಿತ ಮಾದರಿ, ಇವನ್ನು ಗುರುತು ಸಿಗದಂತೆ ಸೇರಿಸಿದ್ದೆವು. ನಮ್ಮ ಸೀಮೆಯ ಬೆಣಚುಕಲ್ಲನ್ನು ಪುಡಿಮಾಡಿ ಬ್ಲ್ಯಾಂಕ್ ಎಂದು ಬಳಸಬೇಡಿ, ಇಲ್ಲಿ ಚಿನ್ನ ಕೂರುವುದೇ ಬೆಣಚುಕಲ್ಲಿನ ಸಿರೆಗಳಲ್ಲಿ. ಮಾದರಿಗಳನ್ನು ಹೊಲದ ಕ್ರಮದಲ್ಲಿ ಕಳುಹಿಸದೆ ಸಂಖ್ಯೆಗಳನ್ನು ಕಲಸಿ ಕಳುಹಿಸಿದೆವು. ಉಪಕರಣ ನಿಧಾನವಾಗಿ ದಾರಿ ತಪ್ಪಿದರೂ ಅದು ನಕ್ಷೆಯ ಮೇಲೆ ಸುಳ್ಳು ಪಟ್ಟಿಯಾಗಿ ಮೂಡದಿರಲಿ ಎಂಬುದು ಉದ್ದೇಶ.

ಹೇಳಿದ ಗಡುವು ಮೀರಿ ತಿಂಗಳುಗಳು ಕಳೆದವು. ಮಳೆಗಾಲ ಬಂತು, ಶೇಂಗಾ ಬಿತ್ತನೆ ಮುಗಿಯಿತು, ಲ್ಯಾಬಿನಿಂದ ಪ್ರತಿ ಸಲವೂ ಮುಂದಿನ ವಾರ ಎಂಬ ಉತ್ತರ. ಹೊಲದಲ್ಲಿ ಎಷ್ಟು ದಣಿದರೂ ರಾತ್ರಿ ನಿದ್ದೆ ಬರುತ್ತಿತ್ತು, ಈ ಕಾಯುವಿಕೆಯಲ್ಲಿ ಅದೂ ಬರುತ್ತಿರಲಿಲ್ಲ. ಕೊನೆಗೆ ಅಂಕಿಗಳು ಬಂದಾಗ ನಾನು ಮೊದಲು ತೆರೆದದ್ದು ನಮ್ಮ ಗುಪ್ತ ಮಾದರಿಗಳ ಪಟ್ಟಿಯನ್ನು. ಒಂದು ಕಂತಿನಲ್ಲಿ ಪ್ರಮಾಣಿತ ಮಾದರಿಯ ಚಿನ್ನ ಒಪ್ಪಬಹುದಾದ ಮಿತಿಗಿಂತ ಬಹಳ ಕೆಳಗಿತ್ತು, ಮತ್ತು ಒಂದು ಜೋಡಿ ಮಾದರಿಯ ಎರಡು ಅಂಕಿಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತಿದ್ದವು. ಮರುಪರೀಕ್ಷೆ ಕೇಳಿದಾಗ ಲ್ಯಾಬಿನವರು ಹೊಸದಾಗಿ ಶುಲ್ಕ ಕಟ್ಟಬೇಕೆಂದರು. ಪ್ರಮಾಣಿತ ಮಾದರಿ ಮಿತಿ ಮೀರಿದರೆ ಆ ಕಂತನ್ನು ತಮ್ಮ ಖರ್ಚಿನಲ್ಲೇ ಮತ್ತೆ ಪರೀಕ್ಷಿಸಬೇಕೆಂಬ ಸಾಲು ಕಾರ್ಯಾದೇಶದಲ್ಲಿ ಇದ್ದದ್ದರಿಂದ, ಪತ್ರವ್ಯವಹಾರ ಎಳೆದಾಡಿದರೂ ಕೊನೆಗೆ ಒಪ್ಪಿದರು. ಆ ಸಾಲನ್ನು ಬರೆಸದೆ ಯಾವ ಲ್ಯಾಬಿಗೂ ಮಾದರಿ ಒಪ್ಪಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸರಿಪಡಿಸಿದ ಅಂಕಿಗಳು ಬಂದ ಮೇಲೆ ನಕ್ಷೆಯ ಮೇಲೆ ತಾಮ್ರದ ಕೆಂಪು ಚುಕ್ಕೆಗಳು ಹೊಳಲ್ಕೆರೆಯ ಕಡೆಯ ಹಳ್ಳಗಳುದ್ದಕ್ಕೂ ಎದ್ದು ಕಂಡವು. ತಂಡದಲ್ಲಿ ಉತ್ಸಾಹ ಮೂಡಿತು. ಆಗ ಪುಸ್ತಕದ ಬೆಳೆಯ ಅಂಕಣವನ್ನು ತೆರೆದು ಒಂದೊಂದಾಗಿ ಹೋಲಿಸಿದೆವು. ಹೆಚ್ಚಿನ ತಾಣಗಳ ಮೇಲ್ಗಡೆ ಅಡಿಕೆ ಅಥವಾ ದಾಳಿಂಬೆ ತೋಟವಿತ್ತು. ತೋಟಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಹಾಕುತ್ತಾರೆ, ಆ ಒಂದು ಕಿಲೋದಲ್ಲಿ ಕಾಲು ಕಿಲೋದಷ್ಟು ತಾಮ್ರವೇ ಇರುತ್ತದೆ. ವರ್ಷ ವರ್ಷ ಸಿಂಪಡಿಸಿದ ತಾಮ್ರ ಎಲೆಯಿಂದ ಮಣ್ಣಿಗೆ, ಮಣ್ಣಿನಿಂದ ಹಳ್ಳಕ್ಕೆ ಇಳಿಯುತ್ತದೆ. ಜೊತೆಗೆ ಸತುವೂ ಏರಿದ್ದರಿಂದ ಅದಿರೇ ಇರಬಹುದೆಂದು ಕೆಲವರು ವಾದಿಸಿದರು. ಆದರೆ ತೋಟಗಳಲ್ಲಿ ಬಳಸುವ ಮ್ಯಾಂಕೋಜೆಬ್ ಶಿಲೀಂಧ್ರನಾಶಕದಲ್ಲಿ ಸತು ಮತ್ತು ಮ್ಯಾಂಗನೀಸ್ ಎರಡೂ ಇವೆ. ತೀರ್ಮಾನಕ್ಕೆ ಒಂದೇ ದಾರಿ ಇತ್ತು. ಆಯ್ದ ತಾಣಗಳಿಗೆ ಮರಳಿ ಹೋಗಿ, ಒಂದೇ ಗುಂಡಿಯಲ್ಲಿ ಮೇಲಿನ ಪದರದಿಂದ ಮತ್ತು ಆಳದಿಂದ ಬೇರೆ ಬೇರೆ ಮಾದರಿ ತೆಗೆದೆವು. ಬಹುತೇಕ ಗುಂಡಿಗಳಲ್ಲಿ ತಾಮ್ರ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಅದು ಸಿಂಪಡಣೆಯ ತಾಮ್ರ. ಒಂದು ಗುಡ್ಡದ ಬುಡದಲ್ಲಿ ಮಾತ್ರ, ಹತ್ತಿರದಲ್ಲಿ ಯಾವ ತೋಟವೂ ಇಲ್ಲದ ಕಡೆ, ಆಳಕ್ಕೆ ಹೋದಂತೆ ತಾಮ್ರ ಏರುತ್ತಿತ್ತು. ಅಲ್ಲಿ ಶಿಲೆಯ ಬಿರುಕುಗಳಲ್ಲಿ ಮ್ಯಾಲಕೈಟ್ ಎಂಬ ತಾಮ್ರದ ಖನಿಜದ ಹಸಿರು ಲೇಪವೂ ಕಣ್ಣಿಗೆ ಕಂಡಿತು.

ಆರ್ಸೆನಿಕ್ ಬೇರೆ ರೀತಿಯ ಪಾಠ ಕಲಿಸಿತು. ಎಲ್ಲ ಮಾದರಿಗಳನ್ನೂ ಒಟ್ಟು ಹಾಕಿ ಸರಾಸರಿ ತೆಗೆದು ಅದರ ಮೇಲಿನವನ್ನೆಲ್ಲ ಅಸಂಗತಿ, ಅಂದರೆ ಅಸಹಜವಾಗಿ ಹೆಚ್ಚಿರುವ ತಾಣ ಎಂದು ನಕ್ಷೆಯಲ್ಲಿ ಗುರುತಿಸಿದರೆ, ಕಪ್ಪು ಫಿಲೈಟ್ ಇರುವ ಕಡೆಯೆಲ್ಲ ಕೆಂಪಾಗುತ್ತದೆ. ಇಂಗಾಲ ಮತ್ತು ಗಂಧಕವಿರುವ ಆ ಶಿಲೆಯಲ್ಲಿ ಆರ್ಸೆನಿಕ್ ಸಹಜವಾಗಿಯೇ ಹೆಚ್ಚು. ಹಾಗಾಗಿ ಪ್ರತಿ ಶಿಲೆಯ ಮೇಲಿನ ಮಾದರಿಗಳನ್ನು ಬೇರ್ಪಡಿಸಿ, ಆಯಾ ಶಿಲೆಗೆ ಅದರದೇ ಮಧ್ಯಕ ಮೌಲ್ಯವನ್ನು (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವುದನ್ನು) ಆಧಾರವಾಗಿಟ್ಟು ಮತ್ತೆ ಲೆಕ್ಕ ಹಾಕಿದೆವು. ಆಗ ಫಿಲೈಟಿನ ಕೆಂಪೆಲ್ಲ ಇಳಿದು, ಲಾವಾ ಶಿಲೆಗಳು ಒತ್ತಡಕ್ಕೆ ಸಿಕ್ಕಿ ಜರುಗಿರುವ ಒಂದು ಷಿಯರ್ ವಲಯದ ಗುಂಟ, ಅಕ್ಕಪಕ್ಕದ ಹಲವು ಸಾಲುಗಳಲ್ಲಿ ಒಂದರ ಮುಂದೊಂದು ಆರ್ಸೆನಿಕ್ ತಾಣಗಳು ಉಳಿದವು. ಚಿನ್ನವೂ ಅಲ್ಲಿ ಹಿನ್ನೆಲೆಗಿಂತ ಹಲವು ಪಟ್ಟು ಇತ್ತು. ಕೆರೆ ಗೋಡಿನ ಹೊಲವೂ ಒಂಟಿ ಚುಕ್ಕೆಯಾಗಿ ಮೂಡಿತ್ತು, ಅದನ್ನು ಕಾರಣ ಸಹಿತ ತೆಗೆದುಹಾಕಿದೆವು. ಷಿಯರ್ ವಲಯದ ಮೇಲೆ ಸಾಲುಗಳ ನಡುವೆ ಹೊಸ ಸಾಲು ಹಾಕಿ, ಹತ್ತಿರ ಹತ್ತಿರ ಮಾದರಿ ತೆಗೆದು, ಬೇರೊಂದು ಲ್ಯಾಬಿಗೆ ಕಳುಹಿಸಿದೆವು. ಅಲ್ಲಿಂದಲೂ ಅದೇ ಪಟ್ಟಿ ಮೂಡಿ ಬಂದ ದಿನ ನನಗಾದ ಸಮಾಧಾನವನ್ನು ಬರೆಯಲು ಪದಗಳು ಸಾಲವು.

ಓದುವವರು ಒಂದನ್ನು ನೆನಪಿಡಬೇಕು. ಸಾವಿರ ಪಿಪಿಬಿ ಅಂದರೆ ಒಂದು ಟನ್ ಮಣ್ಣಿಗೆ ಒಂದು ಗ್ರಾಂ. ನಮ್ಮ ತಾಣಗಳ ಅಂಕಿಗಳು ಹತ್ತಾರು ಪಿಪಿಬಿಯವು. ಇದು ಗಣಿಯೂ ಅಲ್ಲ, ನಿಕ್ಷೇಪವೂ ಅಲ್ಲ, ಕಂದಕ ತೋಡಿ ಬಂಡೆಯನ್ನು ಪರೀಕ್ಷಿಸಲು ಯೋಗ್ಯವಾದ ಒಂದು ಜಾಗ ಮಾತ್ರ. ವರದಿಯಲ್ಲಿ ಹಾಗೆಂದೇ ಬರೆದಿದ್ದೇವೆ, ತಾಮ್ರದ ಆ ಗುಡ್ಡದ ಬುಡವನ್ನೂ ಸೇರಿಸಿ ಮುಂದಿನ ಹಂತಕ್ಕೆ ಶಿಫಾರಸು ಮಾಡಿದ್ದೇವೆ. ಕೈಬಿಟ್ಟ ತಾಣಗಳ ಪಟ್ಟಿಯನ್ನೂ, ಕೈಬಿಟ್ಟ ಕಾರಣವನ್ನೂ ಅನುಬಂಧದಲ್ಲಿ ಕೊಟ್ಟಿದ್ದೇವೆ. ಮುಂದೆ ಇದೇ ನೆಲಕ್ಕೆ ಬರುವವರು ಅದೇ ತೋಟದ ತಾಮ್ರದ ಹಿಂದೆ ಮತ್ತೆ ಹಣ ಸುರಿಯದಿರಲಿ ಎಂದು ಆ ಅನುಬಂಧವನ್ನು ಹಠ ಹಿಡಿದು ಸೇರಿಸಿದೆ.

ವರದಿ ಒಪ್ಪಿಸಿದ ಮೇಲೂ ಎರಡು ಕೆಲಸ ಉಳಿದಿದ್ದವು. ಪರೀಕ್ಷೆಗೆ ಹೋಗಿ ಮಿಕ್ಕ ಪುಡಿಯನ್ನು ಲ್ಯಾಬಿನವರು ನಿಗದಿತ ಅವಧಿಯ ನಂತರ ಬಿಸಾಡುತ್ತಾರೆ. ಅದನ್ನು ಮರಳಿ ತರಿಸಿ, ಸಂಖ್ಯೆಗಳ ಪಟ್ಟಿಯೊಂದಿಗೆ ಡಬ್ಬಿಗಳಲ್ಲಿ ಭದ್ರಪಡಿಸಿದೆವು. ಮುಂದೆ ಲಿಥಿಯಂ ಅಥವಾ ಬೇರೆ ಧಾತು ಬೇಕೆಂದರೆ ಹೊಲಕ್ಕೆ ಹೋಗದೆ ಅದೇ ಪುಡಿಯನ್ನು ಪರೀಕ್ಷಿಸಬಹುದು. ಎರಡನೆಯದು, ಮಣ್ಣು ಕೊಟ್ಟ ರೈತರಿಗೆ ಉತ್ತರ ಹೇಳುವುದು. ಅಂಕಿಗಳನ್ನು ಬಹಿರಂಗಪಡಿಸುವ ಅಧಿಕಾರ ನನಗಿಲ್ಲ. ಆದರೆ ಗುಂಡಿಗಳೆಲ್ಲ ಮುಚ್ಚಿವೆಯೇ ಎಂದು ನೋಡಲು ಹೋದಾಗ, ಈಗಿನ ಕೆಲಸ ಮುಗಿದಿದೆ, ಮುಂದೆ ಯಾರಾದರೂ ಬಂದರೆ ಪತ್ರ ಮತ್ತು ಗುರುತಿನ ಚೀಟಿ ಕೇಳಿ, ಪಂಚಾಯಿತಿಯಲ್ಲಿ ವಿಚಾರಿಸಿ, ಆಮೇಲೆ ಹೊಲಕ್ಕೆ ಬಿಡಿ ಎಂದು ಪ್ರತಿ ಮನೆಯಲ್ಲೂ ಹೇಳಿ, ಯೋಜನೆಯ ಹೆಸರು ಮತ್ತು ಕಚೇರಿಯ ವಿಳಾಸ ಬರೆದ ಚೀಟಿಯನ್ನು ಕೊಟ್ಟು ಬಂದೆ.